ಪಂಚಾಯತಿಯಿಂದ ಲೆಕ್ಕ ಕೇಳಿದ್ದು ಹೇಗೆ: ಒಬ್ಬ ಕಾಯಕ ಬಂಧುವಿನ ಅನುಭವ

ಗ್ರಾಮ ಪಂಚಾಯತಿಯಲ್ಲಿ ದುಡ್ಡು ಹೊಡೆಯುತ್ತಾರೆ ಎಂಬ ಮಾತು ನಮ್ಮ ಊರಿನ ಹೋಟೆಲಿನಲ್ಲಿ, ಹಾಲಿನ ಡೇರಿಯ ಮುಂದೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ದಿನವೂ ಕೇಳಿಬರುತ್ತದೆ. ಯಾರು ಹೊಡೆದರು, ಯಾವ ಕಾಮಗಾರಿಯಲ್ಲಿ, ಎಷ್ಟು ಎಂದು ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಈ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಸಿಗುವವರೆಗೆ ಯಾವ ಅಧ್ಯಕ್ಷರನ್ನೂ ಯಾವ ಅಧಿಕಾರಿಯನ್ನೂ ಹೊಣೆ ಮಾಡಲು ಬರುವುದಿಲ್ಲ. ಆ ಉತ್ತರವನ್ನು ನಾವು ಹೇಗೆ ಪಡೆದೆವು ಎಂಬುದನ್ನು ಬರೆಯುತ್ತಿದ್ದೇನೆ. ಬೇರೆ ಊರಿನ ನಾಲ್ಕು ಜನರಿಗೆ ಉಪಯೋಗವಾದರೆ ಸಾಕು.

ನಾನು ಬಯಲುಸೀಮೆಯ ಹಳ್ಳಿಯವಳು. ಉದ್ಯೋಗ ಖಾತರಿ ಕೆಲಸದಲ್ಲಿ ನಮ್ಮ ಕೂಲಿಕಾರರ ಗುಂಪಿಗೆ ಕಾಯಕ ಬಂಧುವಾಗಿದ್ದೆ. ನಮೂನೆ 6ರಲ್ಲಿ ಕೆಲಸದ ಅರ್ಜಿ ತುಂಬುವುದು, ಹಾಜರಿ ಹಾಕುವುದು, ಗುಣಿಯ ಉದ್ದ ಅಗಲ ಆಳ ಅಳೆದು ಕೊಡುವುದು ನನ್ನ ಕೆಲಸ. ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಎಂದರೇನು, ಅಳತೆ ಪುಸ್ತಕದಲ್ಲಿ ಏನು ಬರೆಯುತ್ತಾರೆ ಎಂಬುದು ಹೀಗೆ ಕೈಗೆ ರೂಢಿಯಾಗಿತ್ತು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದವರ ಹೆಸರುಗಳು ನಮ್ಮ ಹಳ್ಳದ ಹೂಳೆತ್ತುವ ಕೆಲಸದ ಎನ್‌ಎಂಆರ್‌ನಲ್ಲಿ ಬಂದಿರುವುದನ್ನು ಒಮ್ಮೆ ಕಂಡೆ. ಆ ಹೂಳನ್ನು ಎತ್ತಿದ್ದು ಜೆಸಿಬಿ ಎಂದು ಊರಿಗೆಲ್ಲ ಗೊತ್ತಿತ್ತು. ಕೂಲಿ ಅವರವರ ಬ್ಯಾಂಕ್ ಖಾತೆಗೇ ಬರುತ್ತದೆ. ಬಂದ ಹಣವನ್ನು ಬಿಡಿಸಿ ಗುತ್ತಿಗೆದಾರನ ಕಡೆಯವರಿಗೆ ಕೊಟ್ಟರೆ ಖಾತೆದಾರನಿಗೆ ಇನ್ನೂರೋ ಮುನ್ನೂರೋ ಉಳಿಯುತ್ತದೆ.

ಸಿಟ್ಟು ಬಂದದ್ದು ಅಲ್ಲಿಂದಲೇ ಆದರೂ ಕೆಲಸವನ್ನು ನಾವು ಅಲ್ಲಿಂದ ಶುರು ಮಾಡಲಿಲ್ಲ. ಆ ಎಳೆ ಹಿಡಿದರೆ ಮೊದಲು ಸಿಕ್ಕಿಬೀಳುವವರು ನಮ್ಮ ಕೇರಿಯ ಬಡವರೇ. ದೊಡ್ಡವರು ಅವರ ಬೆನ್ನ ಹಿಂದೆ ನಿಂತು, ‘ನೋಡಿ, ಕಳ್ಳರು ನೀವೇ’ ಎನ್ನುತ್ತಾರೆ. ಮೊದಲು ಸಾಮಗ್ರಿಯ ಲೆಕ್ಕ ಹಿಡಿಯೋಣ, ಕೂಲಿಯ ಲೆಕ್ಕ ಆಮೇಲೆ ನೋಡೋಣ ಎಂದು ಗುಂಪಿನ ಹೆಂಗಸರು ಕೂತು ತೀರ್ಮಾನಿಸಿದೆವು.

ಎಲ್ಲಿಂದ ತೊಡಗುವುದು ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ: ಹಳೆಯ ಲೆಕ್ಕಪರಿಶೋಧನಾ ವರದಿಯಿಂದ. ಪಂಚಾಯತಿಯ ಖಾತೆಯನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ಬಂದು ನೋಡುತ್ತಾರೆ. ಉದ್ಯೋಗ ಖಾತರಿಗೆ 2005ರ ಕಾಯ್ದೆಯ 17ನೇ ಕಲಮಿನಂತೆ ಸಾಮಾಜಿಕ ಪರಿಶೋಧನೆ ಬೇರೆ ನಡೆಯುತ್ತಿತ್ತು. ‘ವೋಚರ್ ಹಾಜರುಪಡಿಸಿಲ್ಲ’, ‘ಅಳತೆ ದಾಖಲಿಸಿಲ್ಲ’, ‘ವಸೂಲಿ ಮಾಡಿ ವರದಿ ಸಲ್ಲಿಸುವುದು’ ಎಂದೆಲ್ಲ ಸರ್ಕಾರದವರೇ ಬರೆದು ಹೋಗಿರುತ್ತಾರೆ. ಬರೆದದ್ದು ಬೀರುವಿನಲ್ಲಿ ಬಿದ್ದಿರುತ್ತದೆ. ನಾವು ಹೊಸದಾಗಿ ಯಾರ ಮೇಲೂ ಆಪಾದನೆ ಹೊರಿಸಬೇಕಾಗಿಲ್ಲ. ನಿಮ್ಮ ಇಲಾಖೆಯೇ ವಸೂಲಿ ಮಾಡಲು ಹೇಳಿದ ಹಣ ವಸೂಲಾಯಿತೇ ಎಂದು ಕೇಳಿದರೆ ಆಯಿತು. ಈ ಪ್ರಶ್ನೆಗೆ, ‘ನಿನಗೆ ರಾಜಕೀಯ ಬೇಕಾ?’ ಎಂದು ಗದರಿಸಿ ಕಳಿಸಲು ಯಾವ ಅಧಿಕಾರಿಗೂ ಆಗುವುದಿಲ್ಲ.

ಬೀರುವಿನಲ್ಲಿರುವ ಆ ಕಾಗದ ಪಡೆಯಲು ನಾವು ಹಿಡಿದ ದಾರಿ ಮಾಹಿತಿ ಹಕ್ಕು. ಕರ್ನಾಟಕದ ನಿಯಮಗಳ ಪ್ರಕಾರ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದು ಜನರಿಗೆ ಹಾಕಿದ ಕಡಿವಾಣ ಎಂದು ದೂರುವವರಿದ್ದಾರೆ, ಅದು ನಿಜವೂ ಹೌದು. ನಮಗೆ ಮಾತ್ರ ಅದರಿಂದ ಒಳ್ಳೆಯದೇ ಆಯಿತು. ಒಂದೊಂದು ಕಾಮಗಾರಿಗೆ ಒಂದೊಂದು ಮನೆಯವರು ಅರ್ಜಿ ಹಾಕಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಬಿಪಿಎಲ್ ಕಾರ್ಡ್ ಇದ್ದವರು ಅದರ ನಕಲು ಇಟ್ಟು, ಎಲ್ಲವನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಹೀಗಾಗಿ ಯಾರೊಬ್ಬರ ಹೆಸರೂ ಬೇರೆಯಾಗಿ ಕಣ್ಣಿಗೆ ಕುಕ್ಕಲಿಲ್ಲ. ಒಂಟಿಯಾಗಿ ಅರ್ಜಿ ಹಾಕಿದವರಿಗೆ ಈ ನಾಡಿನಲ್ಲಿ ಏನೇನಾಗಿದೆ ಎಂಬುದನ್ನು ಪತ್ರಿಕೆ ಓದುವ ಎಲ್ಲರೂ ಬಲ್ಲರು. ಜೀವಕ್ಕೆ ಸಂಬಂಧಿಸಿದ ಮಾತಿದು, ಹಗುರವಾಗಿ ತೆಗೆದುಕೊಳ್ಳಬೇಡಿ.

ಅರ್ಜಿಯಲ್ಲಿ ‘ಏಕೆ’, ‘ಹೇಗೆ’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ, ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ದಾಖಲೆಯ ಹೆಸರು ಹಿಡಿದೇ ಕೇಳಬೇಕು. ನನ್ನ ಅರ್ಜಿಯಲ್ಲಿದ್ದದ್ದು ಇಷ್ಟೇ: ‘ಸದರಿ ಸಾಲಿನ ಲೆಕ್ಕಪರಿಶೋಧನಾ ವರದಿ, ಆಕ್ಷೇಪಣೆಗಳಿಗೆ ಪಂಚಾಯತಿ ಸಲ್ಲಿಸಿದ ಅನುಪಾಲನಾ ವರದಿ, ವಸೂಲಾದ ಮೊತ್ತ ಜಮೆಯಾದ ಚಲನ್, ಇವುಗಳ ದೃಢೀಕೃತ ನಕಲು ಒದಗಿಸುವುದು.’ ಉಳಿದವರು ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಬಿಲ್ಲು ವೋಚರು, ಆ ಖರ್ಚಿಗೆ ಮಂಜೂರಾತಿ ಕೊಟ್ಟ ಸಾಮಾನ್ಯ ಸಭೆಯ ನಡವಳಿ ಕೇಳಿದರು. ನಡವಳಿಯನ್ನು ಬಿಡಲೇಬೇಡಿ. ಹಾಜರಿಲ್ಲದ ಸದಸ್ಯರ ಸಹಿ ಕಾಣಿಸುವುದು ಅಲ್ಲಿಯೇ.

ಉತ್ತರ ಕೊಡಬೇಕಾದ ಮೂವತ್ತು ದಿನ ಕಳೆದರೂ ಕಾಗದ ಬರಲಿಲ್ಲ, ಪಂಚಾಯತಿಯ ವಾಟರ್‌ಮ್ಯಾನ್ ಬಂದ. ‘ಅಕ್ಕ, ಸಾಹೇಬರು ಒಂದು ಸಲ ಬಂದು ಮಾತಾಡಲು ಹೇಳಿದ್ದಾರೆ’ ಎಂದ. ಮಾತಾಡುವುದು ಏನೂ ಇಲ್ಲ, ನಕಲು ಕೊಟ್ಟರೆ ಓದಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದೆ. ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಹಣಾಧಿಕಾರಿಗೆ ಮಾಹಿತಿ ಹಕ್ಕು ಕಾಯ್ದೆಯ 19(1)ರ ಅಡಿ ಮೊದಲ ಮೇಲ್ಮನವಿ ಹಾಕಿದೆವು. ಅವಧಿ ಮೀರಿದರೆ 7(6)ರಂತೆ ನಕಲುಗಳನ್ನು ಉಚಿತವಾಗಿ ಕೊಡಬೇಕು ಎಂಬ ಸಾಲನ್ನು ಅಡಿಗೆರೆ ಎಳೆದು ಬರೆದೆವು. ಕಾಗದದ ಕಟ್ಟು ಬಂತು.

ಆ ಕಟ್ಟನ್ನು ಓದಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಸಂಜೆ ಕೆಲಸ ಮುಗಿದ ಮೇಲೆ. ಅಕ್ಷರ ಬಾರದವರು ಊರಿನ ಗುರುತು ಹೇಳುವರು, ಕಾಲೇಜಿಗೆ ಹೋಗುವ ಮಕ್ಕಳು ಅಂಕಿ ಓದುವರು. ಆಗ ಕಣ್ಣಿಗೆ ಬಿದ್ದದ್ದು ಒಂದು ಚರಂಡಿ. ಒಂದು ವರ್ಷದ ಕಡತದಲ್ಲಿ ಅದು ದೇವಸ್ಥಾನದಿಂದ ಒಬ್ಬ ರೈತನ ಮನೆಯವರೆಗಿನ ಚರಂಡಿ. ಮರುವರ್ಷದ ಕಡತದಲ್ಲಿ ಅದೇ ರೈತನ ಮನೆಯಿಂದ ದೇವಸ್ಥಾನದವರೆಗಿನ ಚರಂಡಿ. ತಿರುವುಮುರುವಾದ ಹೆಸರು, ಎರಡು ಬಿಲ್ಲು, ನೆಲದ ಮೇಲೆ ಒಂದೇ ಚರಂಡಿ. ಅದೂ ಪೂರ್ತಿ ಇರಲಿಲ್ಲ. ಅಳತೆ ಪುಸ್ತಕದಲ್ಲಿ 110 ಮೀಟರ್ ಎಂದಿತ್ತು. ನಾವು ಬೆಳಿಗ್ಗೆ ಎಲ್ಲರೂ ಓಡಾಡುವ ಹೊತ್ತಿನಲ್ಲೇ ಟೇಪು ಹಿಡಿದು ಅಳೆದಾಗ ಸಿಕ್ಕಿದ್ದು 68. ಕಾಮಗಾರಿಯ ತಪಾಸಣೆ ಮಾಡುವುದು, ಟಿಪ್ಪಣಿ ಮಾಡಿಕೊಳ್ಳುವುದು, ಸಾಮಗ್ರಿಯ ಮಾದರಿ ಪಡೆಯುವುದು ಇವೆಲ್ಲ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಿನಲ್ಲಿ ಬರುವ ಹಕ್ಕುಗಳು. ಟೇಪು ಹಿಡಿಯಲು ಹೆದರಬೇಕಾಗಿಲ್ಲ.

ಮೋಟಾರಿನ ಲೆಕ್ಕ ಹಿಡಿದದ್ದು ನನಗೆ ಇನ್ನೂ ಹೆಚ್ಚು ಹೆಮ್ಮೆಯ ವಿಷಯ. ಕುಡಿಯುವ ನೀರಿನ ದುರಸ್ತಿ ಎಂದರೆ ಪಂಚಾಯತಿಯಲ್ಲಿ ಹಣ ಸೋರುವ ದೊಡ್ಡ ತೂತು. ಬೇಸಿಗೆ, ತುರ್ತು ಎಂಬ ಎರಡು ಮಾತು ಹೇಳಿದರೆ ಯಾರೂ ಪ್ರಶ್ನಿಸುವುದಿಲ್ಲ. ಶಾಲೆಯ ಪಕ್ಕದ ಕೊಳವೆ ಬಾವಿಯ ಏಳೂವರೆ ಎಚ್‌ಪಿ ಮೋಟಾರಿಗೆ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವುದು) ಮಾಡಿಸಿದಂತೆ ಬಿಲ್ಲುಗಳಿದ್ದವು. ಆ ಬಾವಿ ಬತ್ತಿ ಮೋಟಾರು ಮೇಲೆತ್ತಿದ್ದು ನಮಗೆ ಗೊತ್ತು. ಆದರೆ ‘ನಮಗೆ ಗೊತ್ತು’ ಎಂಬುದು ಸಾಕ್ಷಿಯಲ್ಲ. ನಮ್ಮ ಗುಂಪಿನ ಒಬ್ಬ ಹುಡುಗಿ, ‘ಕರೆಂಟು ಬಿಲ್ಲು ನೋಡೋಣ ಅತ್ತೆ’ ಎಂದಳು. ಪ್ರತಿ ಕೊಳವೆ ಬಾವಿಗೂ ಅದರ ವಿದ್ಯುತ್ ಸಂಪರ್ಕವನ್ನು ಗುರುತಿಸುವ ಒಂದು ಆರ್‌ಆರ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ವಿದ್ಯುತ್ ಬಿಲ್ಲುಗಳ ನಕಲು ಕೇಳಿ ತರಿಸಿದೆವು. ಮೋಟಾರು ಸುಟ್ಟಿತು, ಕಟ್ಟಿಸಿದೆವು, ಮತ್ತೆ ಸುಟ್ಟಿತು ಎಂದು ಬರೆದ ಅಷ್ಟೂ ತಿಂಗಳು ಮೀಟರಿನಲ್ಲಿ ಒಂದು ಯೂನಿಟ್ ಕೂಡ ಓಡಿರಲಿಲ್ಲ. ಓಡದ ಮೋಟಾರು ಸುಡುವುದು ಹೇಗೆ? ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಬಾಯಿಮಾತಿನ ವಾದ ಬೇಕಾಗಲಿಲ್ಲ.

ಇನ್ನು ಅಧ್ಯಕ್ಷೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಮ್ಮಲ್ಲಿ ಆ ಅವಧಿಗೆ ಮಹಿಳೆ ಅಧ್ಯಕ್ಷೆ. ಆಳುತ್ತಿದ್ದವನು ಅವಳ ಗಂಡ. ಹಣ ಪಾವತಿಯಾಗಲು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಇರುವುದು ಡಾಂಗಲ್ ಎಂಬ ಹೆಬ್ಬೆರಳಿನಷ್ಟು ಚಿಕ್ಕ ವಸ್ತುವಿನಲ್ಲಿ. ನಾನು ಅವಳ ಮನೆಗೆ ಹೋಗಿ ಚರಂಡಿಯ ಎರಡೂ ಬಿಲ್ಲುಗಳನ್ನು ಮುಂದಿಟ್ಟೆ. ಅವಳು ತುಂಬಾ ಹೊತ್ತು ನೋಡಿದಳು. ‘ಡಾಂಗಲ್ ಅವರ ಹತ್ತಿರವೇ ಇರುತ್ತದೆ ಅಕ್ಕ, ನಾನು ಅದನ್ನು ಕೈಯಲ್ಲಿ ಹಿಡಿದೇ ಇಲ್ಲ’ ಎಂದಳು.

ಅವಳನ್ನು ಕಂಡು ಮರುಕ ಹುಟ್ಟಿತು. ಆದರೂ ಮರುಕದ ಹೆಸರಿನಲ್ಲಿ ಸುಳ್ಳು ಭರವಸೆ ಕೊಡಲಿಲ್ಲ. ಪಂಚಾಯತ್ ರಾಜ್ ಅಧಿನಿಯಮದ 48(4)ನೇ ಪ್ರಕರಣದಡಿ ಅಧಿಕಾರದಿಂದ ತೆಗೆಯುವುದು ಅಧ್ಯಕ್ಷರನ್ನು, ಅಧ್ಯಕ್ಷರ ಗಂಡನನ್ನಲ್ಲ. ವಸೂಲಿ ನೋಟಿಸು ಬರುವುದೂ ಅವಳ ಹೆಸರಿಗೇ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ. ಡಾಂಗಲನ್ನು ನಿನ್ನ ವಶಕ್ಕೆ ತೆಗೆದುಕೋ, ಮುಂದಿನ ಸಾಮಾನ್ಯ ಸಭೆಯಲ್ಲಿ ಪ್ರತಿ ಬಿಲ್ಲನ್ನೂ ಓದಿ ಹೇಳಲು ಪಿಡಿಒಗೆ ಸೂಚಿಸು, ಆ ಸೂಚನೆಯನ್ನು ನಡವಳಿಯಲ್ಲಿ ಬರೆಸು ಎಂದೆ. ಮನೆಯೊಳಗೆ ಏನು ನಡೆಯಿತೋ ಅದನ್ನು ಬರೆಯುವ ಹಕ್ಕು ನನಗಿಲ್ಲ. ಮುಂದಿನ ಸಭೆಗೆ ಅವಳು ಬಂದಾಗ ಡಾಂಗಲ್ ಅವಳ ಪರ್ಸಿನಲ್ಲಿತ್ತು. ಹಿಂದಿನ ಬಿಲ್ಲುಗಳ ಹೊಣೆ ಅದರಿಂದ ಕಳೆಯಲಿಲ್ಲ, ಕಳೆಯಬಾರದು ಕೂಡ. ಹೆಣ್ಣುಮಕ್ಕಳ ಹೆಸರಿನಲ್ಲಿ ಗಂಡಸರು ಸಹಿ ಹಾಕುವ ಈ ಪದ್ಧತಿ ಮೀಸಲಾತಿಗೆ ಬಗೆಯುವ ದ್ರೋಹ. ಕಾರ್ಯನಿರ್ವಹಣಾಧಿಕಾರಿಯಿಂದ ಮೇಲಿನವರೆಗೆ ಎಲ್ಲರೂ ಅದನ್ನು ಕಂಡೂ ಕಾಣದಂತೆ ಇರುವುದು ನನಗೆ ಈಗಲೂ ನುಂಗಲಾರದ ತುತ್ತು.

ಪಂಚಾಯತಿಯ ಲೆಕ್ಕ ಕೇಳಲು ಗ್ರಾಮ ಸಭೆಗಿಂತ ಒಳ್ಳೆಯ ಜಾಗ ಜಮಾಬಂದಿ. 2004ರಿಂದ ಇದಕ್ಕೆಂದೇ ನಿಯಮಗಳಿವೆ. ಪ್ರತಿವರ್ಷ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ತಾಲ್ಲೂಕಿನಿಂದ ನೋಡಲ್ ಅಧಿಕಾರಿ ಬಂದು, ಹಿಂದಿನ ಸಾಲಿನ ಜಮಾ ಖರ್ಚನ್ನು ಜನರ ಮುಂದೆ ಓದಿಸಿ, ಕಾಮಗಾರಿಗಳನ್ನು ಜನರ ಜೊತೆ ಸ್ಥಳಕ್ಕೇ ಹೋಗಿ ನೋಡಬೇಕು. ನಮ್ಮಲ್ಲಿ ಅದು ಸಿಬ್ಬಂದಿಯಷ್ಟೇ ಕೂತು ಚಹಾ ಕುಡಿದು, ‘ಓದಿ ಅಂಗೀಕರಿಸಲಾಯಿತು’ ಎಂದು ಬರೆದು ಮುಗಿಸುವ ಕಾರ್ಯಕ್ರಮವಾಗಿತ್ತು. ಆ ವರ್ಷ ಗುಂಪಿನ ಹೆಂಗಸರೆಲ್ಲ ಅಂದಿನ ಕೂಲಿ ಬಿಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ಪ್ರತಿಯೊಬ್ಬರ ಕೈಯಲ್ಲಿ ಒಂದು ಪ್ರಶ್ನೆ, ಅದರ ಹಿಂದೆ ದಾಖಲೆಯ ನಕಲು. ಕೂಗಾಡಬಾರದು, ಯಾರ ಮನೆಯ ಹೆಸರೂ ಎತ್ತಬಾರದು ಎಂದು ಮೊದಲೇ ಮಾತಾಗಿತ್ತು. ಸಭೆ ಗದ್ದಲವಾದರೆ ಮುಂದೂಡುತ್ತಾರೆ. ಗದ್ದಲ ಬೇಕಾಗಿದ್ದದ್ದು ಅವರಿಗೆ.

ನೋಡಲ್ ಅಧಿಕಾರಿ ಮೊದಲು ಗಡಿಯಾರ ನೋಡಿಕೊಂಡರು. ಅಳತೆ ಪುಸ್ತಕದ ನಕಲನ್ನು ಕೈಗೆ ಕೊಟ್ಟ ಮೇಲೆ ಎದ್ದರು. ಚರಂಡಿಯ ಹತ್ತಿರ ಟೇಪಿನ ಒಂದು ತುದಿಯನ್ನು ಅವರೇ ಹಿಡಿದರು, ಇನ್ನೊಂದು ತುದಿಯನ್ನು ಕಿರಿಯ ಎಂಜಿನಿಯರ್ ಕೈಗೆ ಕೊಟ್ಟೆವು. ಪುಸ್ತಕದಲ್ಲಿ 110 ಎಂದು ಬರೆದವರು ಆ ಎಂಜಿನಿಯರೇ. 68 ಎಂದು ಅವರ ಬಾಯಿಂದಲೇ ಬಂತು. ವಿದ್ಯುತ್ ಬಿಲ್ಲು, ರಿವೈಂಡಿಂಗ್ ಬಿಲ್ಲು ಎರಡನ್ನೂ ಅಲ್ಲೇ ಓದಿಸಿದೆವು. ಎಲ್ಲವೂ ಜಮಾಬಂದಿಯ ನಡವಳಿಯಲ್ಲಿ ಬರೆದು, ಅಧಿಕಾರಿಯ ಸಹಿ ಬಿದ್ದು, ನಕಲು ನಮ್ಮ ಕೈ ಸೇರುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ನಾಳೆ ಟೈಪ್ ಮಾಡಿಸಿ ಕೊಡುತ್ತೇವೆ ಎಂದರು. ಕೈಬರಹದ್ದೇ ಸಾಕು ಎಂದೆವು.

ಮುಂದಿನದೆಲ್ಲ ಸರ್ಕಾರಿ ನಡಿಗೆ. ನಡವಳಿಯ ನಕಲಿನೊಂದಿಗೆ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ದೂರು ಕೊಟ್ಟೆವು. ತನಿಖೆಯಾಗಿ ಪಿಡಿಒ, ಎಂಜಿನಿಯರ್, ಅಧ್ಯಕ್ಷೆ ಮೂವರಿಗೂ ವಸೂಲಿ ನೋಟಿಸು ಬಂತು. ಚರಂಡಿಯ ಹೆಚ್ಚುವರಿ ಹಣ ಪಂಚಾಯತಿ ಖಾತೆಗೆ ಜಮೆಯಾದ ಚಲನ್ ನೋಡಿದ್ದೇವೆ. ಮೋಟಾರಿನ ಹಣ ಪೂರ್ತಿ ಬಂದಿಲ್ಲ. ಉದ್ಯೋಗ ಖಾತರಿಯ ಸುಳ್ಳು ಹಾಜರಿಯನ್ನು ಸಾಮಾಜಿಕ ಪರಿಶೋಧನೆಯ ಗ್ರಾಮ ಸಭೆಯಲ್ಲಿ ಎತ್ತಿದೆವು. ತಮ್ಮ ಖಾತೆಯನ್ನು ಯಾರು ಹೇಗೆ ಬಳಸಿಕೊಂಡರು ಎಂದು ಬರೆದುಕೊಡಲು ಕೆಲವು ಕುಟುಂಬಗಳು ಮುಂದೆ ಬಂದವು, ಕೆಲವರು ನಮ್ಮೊಂದಿಗೆ ಮಾತು ಬಿಟ್ಟರು. ಮಾತು ಬಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಮುನ್ನೂರು ರೂಪಾಯಿಗೆ ಖಾತೆ ಕೊಡುವ ಸ್ಥಿತಿ ಅವರು ಕೇಳಿ ಪಡೆದದ್ದಲ್ಲ.

ಮೋಟಾರಿನ ವಿಷಯವನ್ನು ಲೋಕಾಯುಕ್ತಕ್ಕೂ ಬರೆದೆವು. 1984ರ ಕಾಯ್ದೆಯಂತೆ ಅಲ್ಲಿ ನಿಗದಿತ ನಮೂನೆಯಲ್ಲಿ ದೂರು, ಜೊತೆಗೆ ಪ್ರಮಾಣಪತ್ರ ಕೊಡಬೇಕು. ಬಿಳಿ ಹಾಳೆಯ ಮೇಲೆ ಬರೆದ ಅರ್ಜಿ ನಡೆಯುವುದಿಲ್ಲ. ಘಟನೆ ನಡೆದು ಐದು ವರ್ಷ ಮೀರಿದ್ದರೆ ಆಪಾದನೆಯನ್ನು ತನಿಖೆಗೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಹಳೆಯ ಬಿಲ್ಲುಗಳ ದಿನಾಂಕ ನೋಡಿಕೊಂಡೇ ಬರೆಯಿರಿ. ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಹೀಗಾಗಿ ಪ್ರತಿ ಸಾಲಿನ ಮುಂದೆ ಯಾವ ದಾಖಲೆ, ಯಾವ ಪುಟ ಎಂದು ಬರೆದು, ಪುಟ ಸಂಖ್ಯೆ ಇಲ್ಲದ ಒಂದು ವಾಕ್ಯವನ್ನೂ ಇಡಲಿಲ್ಲ. ‘ಊರಿನವರು ಹೇಳುತ್ತಾರೆ’ ಎಂಬ ಸಾಲುಗಳನ್ನೆಲ್ಲ ಹೊಡೆದುಹಾಕಿದೆವು. ದೂರು ವಿಚಾರಣೆಯಲ್ಲಿದೆ, ಪಂಚಾಯತಿಯ ಉತ್ತರಕ್ಕೆ ನಮ್ಮ ಪ್ರತ್ಯುತ್ತರವನ್ನೂ ಸಲ್ಲಿಸಿದ್ದೇವೆ. ಆ ಪಿಡಿಒ ಈಗ ಬೇರೆ ಪಂಚಾಯತಿಯಲ್ಲಿದ್ದಾರೆ. ಅಲ್ಲಿನ ಇಬ್ಬರು ಹೆಣ್ಣುಮಕ್ಕಳು ನಮ್ಮ ಊರಿಗೆ ಬಂದು ಅರ್ಜಿಗಳ ನಕಲು, ಕೊಳವೆ ಬಾವಿಗಳ ಆರ್‌ಆರ್ ಸಂಖ್ಯೆ ತೆಗೆಯುವ ಬಗೆ ಎರಡನ್ನೂ ಕೇಳಿ ಬರೆದುಕೊಂಡು ಹೋಗಿದ್ದಾರೆ.