ಗಿರ್ಮಿಟ್ ತಿನ್ನೋಕೆ ನನಗೆ ಐದು ತಿಂಗಳು ಬೇಕಾಯ್ತು

ದೊಡ್ಡಪ್ಪನ ಮಗಳ ಮದುವೆಗೆ ಹೋದಾಗ ನನ್ನ ಬ್ಯಾಗಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಒಂದು ಸ್ಟೀಲ್ ಡಬ್ಬಿ ಇತ್ತು. ಅದರಲ್ಲಿ ಮೊಳಕೆ ಹೆಸರುಕಾಳು, ಸೌತೆಕಾಯಿ. ಎಲ್ಲರೂ ಪಂಕ್ತಿಯಲ್ಲಿ ಕೂತು ಹೋಳಿಗೆ ತುಪ್ಪ ಉಣ್ಣುವಾಗ ನಾನು ಮಂಟಪದ ಮಹಡಿಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿದ್ದೆ. ಅವ್ವ ಹುಡುಕಿಕೊಂಡು ಬಂದಳು.

"ಒಂದ್ ಹೋಳಿಗಿ ತಿಂದ್ರ ಏನಾಗ್ತೈತವಾ?"

ಬೆಲ್ಲವೂ ಸಕ್ಕರೆಯೇ, ಕಣಕದಲ್ಲಿ ಮೈದಾ ಇದೆ ಅಂತ ಹತ್ತು ನಿಮಿಷ ಪಾಠ ಮಾಡಿದೆ. ಕೇಳಿಸಿಕೊಂಡು ಸುಮ್ನೆ ಕೆಳಗಿಳಿದು ಹೋದಳು.

ಆಗ ನಾನು ಧಾರವಾಡದಲ್ಲಿ ಎಂಎಸ್‌ಸಿ ಕೆಮಿಸ್ಟ್ರಿ ಓದುತ್ತಿದ್ದೆ. ಮೆಸ್ಸಿನ ಊಟದಿಂದ ಎದೆಯುರಿ ಬರುತ್ತಿತ್ತು, ಕರಿದದ್ದು ಬಿಟ್ಟೆ. ಉರಿ ಕಡಿಮೆಯಾಯ್ತು. ಆ ಹುರುಪಿನಲ್ಲಿ ಸಕ್ಕರೆ ಬಿಟ್ಟೆ. ಆಮೇಲೆ ಮೈದಾ, ಹಾಲು, ಮೊಸರು, ಅನ್ನ. ಕೊನೆಗೆ ನಾನೇ ತೊಳೆದು ಬೇಯಿಸದ ಯಾವುದೂ ಬಾಯಿಗೆ ಹೋಗುತ್ತಿರಲಿಲ್ಲ. ತೆಳ್ಳಗಾಗೋ ಆಸೆ ಇರಲೇ ಇಲ್ಲ. ಹೊಟ್ಟೆಗೆ ಹೊಲಸು ಹೋಗಬಾರದು, ಅಷ್ಟೇ. ಹಾಸ್ಟೆಲಿನಲ್ಲಿ ಹೊಗಳುವವರೇ ಜಾಸ್ತಿ. "ನಿನ್ ಕಂಟ್ರೋಲ್ ಮೆಚ್ಚಬೇಕು ಬಿಡ" ಅನ್ನುತ್ತಿದ್ದರು. ಇದನ್ನು ಕಾಯಿಲೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ?

ಒಂದು ದಿನ ಅಂಗಡಿಯಲ್ಲಿ ಐಎನ್‌ಎಸ್ 330 ಅಂತ, ತಿಂಡಿಗೆ ಬೆರೆಸೋ ಪದಾರ್ಥದ ಸಂಕೇತ ಸಂಖ್ಯೆ ಬರೆದಿದ್ದ ಪೊಟ್ಟಣ ನೋಡಿ, ಕೈ ಸುಟ್ಟವಳ ಹಾಗೆ ವಾಪಸ್ ಇಟ್ಟೆ. ಅದು ಸಿಟ್ರಿಕ್ ಆಮ್ಲ. ನಿಂಬೆಹಣ್ಣಿನಲ್ಲಿ ಇರೋದು ಅದೇ. ಅವತ್ತು ಬೆಳಿಗ್ಗೆಯೂ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದಿದ್ದೆ, ಅದೂ ಕೆಮಿಸ್ಟ್ರಿ ಓದುವವಳು!

ಮುಟ್ಟು ನಾಲ್ಕು ತಿಂಗಳು ನಿಂತಿತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಹಿಮೋಗ್ಲೋಬಿನ್ 8.9 ಇತ್ತು, ಹೆಂಗಸರಿಗೆ 12 ಆದರೂ ಇರಬೇಕು. ಹಾಲು ಮೊಸರೂ ಬಿಟ್ಟ ಸಸ್ಯಾಹಾರಿ ನಾನು, ಬಿ12 ತಳ ಮುಟ್ಟಿತ್ತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ಊಟದ ಬಗ್ಗೆ ದಿನಕ್ಕೆ ಎಷ್ಟು ಹೊತ್ತು ಯೋಚಿಸ್ತೀಯಮ್ಮ?" ಅಂತ ಕೇಳಿದರು. ಒಂದು ವಾರ ಬರೆದಿಟ್ಟು ನೋಡಿದೆ. ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ!

ಅವರು ಕಳಿಸಿದ ಆಪ್ತಸಮಾಲೋಚಕಿಯಿಂದ, ಶುದ್ಧವಾದದ್ದನ್ನೇ ತಿನ್ನಬೇಕೆಂಬ ಈ ಗೀಳಿಗೆ ಆರ್ಥೊರೆಕ್ಸಿಯಾ ಅನ್ನೋ ಹೆಸರಿದೆ ಅಂತ ಗೊತ್ತಾಯ್ತು. 1997ರಲ್ಲಿ ಅದನ್ನು ಇಟ್ಟವರು ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್. ಅವರೂ ಈ ಗೀಳಿಗೆ ಬಿದ್ದು ಎದ್ದವರೇ. ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ ಇದಕ್ಕೆ ಬೇರೆ ಕಾಯಿಲೆಯೆಂಬ ಜಾಗವಿಲ್ಲ. ನನಗೆ ಮಾತ್ರ ಒಂದು ಹೆಸರು ಸಿಕ್ಕಿದ್ದೇ ದೊಡ್ಡ ಸಮಾಧಾನ.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೆದರಿಕೆಯ ಪಟ್ಟಿ ಬರೆದೆವು. ಕೆಳಗೆ ಮೊಸರು, ಆಮೇಲೆ ಅನ್ನ, ಮೆಸ್ಸಿನ ಎಣ್ಣೆಗಾಯಿ. ಎಲ್ಲಕ್ಕಿಂತ ಮೇಲೆ ಗಿರ್ಮಿಟ್ ಮಿರ್ಚಿ. ಕೆಳಗಿನಿಂದ ಒಂದೊಂದೇ ಹತ್ತಬೇಕು, ಒಬ್ಬಳೇ ತಿನ್ನಬಾರದು. ಇನ್ನೊಂದು ನಿಯಮ: ತಿಂದದ್ದಕ್ಕೆ ಮುಂದಿನ ಊಟದಲ್ಲಿ ದಂಡ ಕಟ್ಟಬಾರದು. ಫೋನಿನಲ್ಲಿ ನೋಡುತ್ತಿದ್ದ ಡಯಟ್ ವಿಡಿಯೋಗಳನ್ನೂ ತೆಗೆದೆ. ಅದು ಸುಲಭವಾಗಿತ್ತು.

ಐದನೇ ತಿಂಗಳಿಗೆ ಗಿರ್ಮಿಟ್ ಸರದಿ ಬಂತು. ರೂಮ್‌ಮೇಟ್ ಸಂಜೆ ಗಾಡಿ ಹತ್ತಿರ ಕರೆದುಕೊಂಡು ಹೋದಳು. ಪೇಪರಿನ ಮೇಲೆ ಚುರಮುರಿ, ಹಸಿ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಪಕ್ಕದಲ್ಲಿ ಮಿರ್ಚಿ. ಎಣ್ಣೆ ಹರಡುತ್ತಾ ಹೋಗಿ ಪೇಪರಿನ ಹಿಂಬದಿಯ ಅಕ್ಷರಗಳೂ ಕಾಣತೊಡಗಿದವು. ನಾನು ಅದನ್ನೇ ನೋಡುತ್ತಾ ನಿಂತೆ. "ಓದಿದ್ದು ಸಾಕು, ತಿನ್ನ" ಅಂದಳು. ತಿಂದೆ. ಚೆನ್ನಾಗಿತ್ತು. (ಎಣ್ಣೆ ತಿಂಡಿಗೆ ಪೇಪರಿನ ಶಾಯಿ ಅಂಟುತ್ತದೆ, ಅದು ಒಳ್ಳೆಯದಲ್ಲ ಅನ್ನೋದು ನಿಜವೇ. ಈಗ ಪ್ಲೇಟಿನಲ್ಲಿ ಹಾಕಿಸಿಕೊಳ್ಳುತ್ತೇನೆ.)

ನಿಜವಾದ ಕಷ್ಟ ಮರುದಿನ ಬೆಳಿಗ್ಗೆ. ಹಸಿವಿಲ್ಲ, ಇವತ್ತು ಬರೀ ನೀರು ಸಾಕು ಅಂತ ಒಳಗಿನಿಂದ ಯಾರೋ ಪಿಸುಗುಟ್ಟಿದ ಹಾಗೆ. ಮೆಸ್ಸಿನ ಬಾಗಿಲ ತನಕ ಹೋಗಿ ಎರಡು ಸಲ ವಾಪಸ್ ಬಂದೆ. ಮೂರನೇ ಸಲ ಒಳಗೆ ಹೋಗಿ ಒಂದು ತಟ್ಟೆ ಉಪ್ಪಿಟ್ಟು ತಿನ್ನೋಕೆ ಮುಕ್ಕಾಲು ಗಂಟೆ ಹಿಡಿಯಿತು. ಮೊದಲ ಕ್ಲಾಸ್ ತಪ್ಪಿತು. ನನ್ನ ಲೆಕ್ಕದಲ್ಲಿ ಗಿರ್ಮಿಟ್‌ಗಿಂತ ಆ ಉಪ್ಪಿಟ್ಟೇ ದೊಡ್ಡದು.

ಪೊಟ್ಟಣ ತಿರುಗಿಸಿ ಓದುವ ಚಟ ಇನ್ನೂ ಹೋಗಿಲ್ಲ. ಓದುತ್ತೇನೆ, ಬುಟ್ಟಿಗೆ ಹಾಕುತ್ತೇನೆ. ಪೇಡಾ ಮಾತ್ರ ಇವತ್ತಿಗೂ ಅರ್ಧವೇ. ಉಳಿದರ್ಧ ರೂಮ್‌ಮೇಟ್ ಕೇಳದೇನೇ ಎತ್ತಿಕೊಳ್ಳುತ್ತಾಳೆ.