ಹಿತ್ತಾಳೆ ಹಳಿಯನ್ನು ಕೀಳದೆ ಡಿಸಿಸಿ ಓಡಿಸಿದ ಬಗೆ

ಅಪ್ಪ ಮತ್ತು ಚಿಕ್ಕಪ್ಪ ಸೇರಿ ಕಟ್ಟಿದ್ದ ಹೆಚ್‌ಓ (ನಿಜ ರೈಲಿನ 1:87 ಅಳತೆ) ಮಾದರಿ ರೈಲು ಲೇಔಟಿನ ಹಿತ್ತಾಳೆ ಹಳಿಯನ್ನೆಲ್ಲ ಕಿತ್ತು ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದ ಹಳಿ ಹಾಕದ ಹೊರತು ಅದರ ಮೇಲೆ ಡಿಸಿಸಿ (ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಪ್ರತ್ಯೇಕ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ನೆಟ್ಟಗೆ ಓಡದೆಂದು ಈ ಹವ್ಯಾಸದಲ್ಲಿ ಪಳಗಿದವರು ಬಹುತೇಕ ಒಂದೇ ದನಿಯಲ್ಲಿ ಹೇಳಿದ್ದರು. ಈಗ ಅದೇ ಹಳಿಯ ಮೇಲೆ ಮೂರು ಎಂಜಿನ್‌ಗಳು ಏಕಕಾಲಕ್ಕೆ, ತೆವಳುವ ವೇಗದಲ್ಲಿಯೂ ಮುಗ್ಗರಿಸದೆ ಓಡುತ್ತಿವೆ. ಸಂಶಯಪಟ್ಟವರಲ್ಲಿ ಇಬ್ಬರು ಬಂದು ನೋಡಿಯೂ ಹೋಗಿದ್ದಾರೆ.

ಹಳಿ ಉಜ್ಜುವುದರಲ್ಲಿಯೇ ಮೊದಲ ಕೆಲವು ತಿಂಗಳು ಕಳೆದವು. ಒರಟು ರಬ್ಬರಿನಿಂದ ಬಂದ ಹೊಳಪು ವಾರವೂ ನಿಲ್ಲಲಿಲ್ಲ, ಏಕೆಂದರೆ ರಬ್ಬರು ಬಿಟ್ಟ ಗೀರುಗಳಲ್ಲಿಯೇ ಕೊಳೆ ಕೂರುತ್ತದೆ. ವಿನೆಗರ್ ಮತ್ತು ಉಪ್ಪು ಸವರಿದ ತುಂಡು ಗುಲಾಬಿ ಬಣ್ಣಕ್ಕೆ ತಿರುಗಿತು. ಕೊನೆಗೆ ಕೈಹಿಡಿದದ್ದು ಸುಮಾರು 2000 ಗ್ರಿಟ್ ನಯದ ಮರಳು ಕಾಗದದವರೆಗೆ ಹಂತಹಂತವಾಗಿ ನಯಗೊಳಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಳಅಂಚಿಗೆ ಗ್ರಾಫೈಟ್ ತೀಡುವ ಕ್ರಮ. ಎಷ್ಟು ತೀಡಬೇಕೆಂಬುದು ನನ್ನ ಗುಟ್ಟು. ಹೆಚ್ಚಾದರೆ ಏರಿನಲ್ಲಿ ಚಕ್ರ ಜಾರುತ್ತದೆ ಎಂದಷ್ಟೇ ಹೇಳಬಲ್ಲೆ.

ಆದರೆ ನಿಜವಾದ ಕಾಯಿಲೆ ಇದ್ದದ್ದು ಹಳಿಯ ಮೇಲ್ಮೈಯಲ್ಲಿ ಅಲ್ಲ, ಹಳಿಯ ತುಂಡುಗಳನ್ನು ಜೋಡಿಸುವ, ಸಡಿಲಗೊಂಡ ಜಾಯಿನರ್‌ಗಳಲ್ಲಿ. ಅವುಗಳನ್ನು ನಂಬುವುದನ್ನೇ ಬಿಟ್ಟು, 14 ಗೇಜಿನ ಬಸ್ (ಮುಖ್ಯ) ತಂತಿಯಿಂದ ಹಳಿಯ ಪ್ರತಿಯೊಂದು ತುಂಡಿಗೂ 22 ಗೇಜಿನ ಫೀಡರ್ (ಕವಲು ತಂತಿ) ಬೆಸೆದೆ. ಸ್ಲೀಪರ್‌ಗಳು ಹಳೆಯ ಫೈಬರಿನವಾದ್ದರಿಂದ ಕಾವಿಗೆ ಕರಗುವ ಭಯವಿರಲಿಲ್ಲ. ಬಳಿಕ ಅಡಿಗೊಂದು ಕಡೆ ಎರಡೂ ಹಳಿಗಳಿಗೆ ಅಡ್ಡಲಾಗಿ ನಾಣ್ಯವಿಟ್ಟು ನೋಡಿದೆ. ಬೂಸ್ಟರ್ (ಹಳಿಗೆ ವಿದ್ಯುತ್ ಊಡುವ ಪೆಟ್ಟಿಗೆ) ಆ ಕ್ಷಣವೇ ಟ್ರಿಪ್ ಆಗದ ಜಾಗದಲ್ಲಿ ಫೀಡರನ್ನು ಮತ್ತೆ ಬೆಸೆಯುವುದೇ ಸರಿ.

ತಂತಿಗೆ ತಗುಲಿದ್ದು ಒಟ್ಟು ಖರ್ಚಿನ ಹತ್ತನೆಯ ಒಂದು ಪಾಲೂ ಇರಲಾರದು. ಅರ್ಧಕ್ಕಿಂತ ಹೆಚ್ಚನ್ನು ನುಂಗಿದ್ದು ಡಿಕೋಡರ್‌ಗಳು (ಎಂಜಿನ್ನಿನೊಳಗೆ ಕೂತು ಆದೇಶ ಓದಿ ಮೋಟರ್ ಓಡಿಸುವ ಚಿಪ್‌ಗಳು), ಅದರಲ್ಲಿ ಒಂದೆರಡು ಹೊಗೆಯಾಗಿ ಹೋದವು. ಹಳೆಯ ಓಪನ್ ಫ್ರೇಮ್ ಮೋಟರುಗಳ ಒಂದು ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು) ಚೌಕಟ್ಟಿಗೇ ಸೇರಿರುತ್ತದೆಂಬುದು ಎಲ್ಲರಿಗೂ ಗೊತ್ತು. ಡಿಕೋಡರ್ ಸುಡದಂತೆ ಅದನ್ನು ಬೇರ್ಪಡಿಸಿದ ಮೇಲೂ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ರಷ್‌ಗೆ, ಇನ್ನೊಂದನ್ನು ಚೌಕಟ್ಟಿಗೆ ಹಿಡಿದು ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಬೇಕು. ನಿಂತ ಎಂಜಿನ್ನಿನಲ್ಲಿ ಕಾಣದ ಸ್ಪರ್ಶ ಅರ್ಧ ಸುತ್ತಿನಲ್ಲಿ ಬೀಪ್ ಎನ್ನುತ್ತದೆ. ಸ್ಟಾಲ್ ಕರೆಂಟ್ (ಮೋಟರ್ ಸಿಕ್ಕಿಕೊಂಡು ನಿಂತಾಗ ಎಳೆಯುವ ವಿದ್ಯುತ್) 2 ಆಂಪಿಯರ್ ಸಮೀಪವಿದ್ದ ಮೋಟರಿಗೆ 1 ಆಂಪಿಯರ್ ಡಿಕೋಡರ್ ಹೊಂದುವುದಿಲ್ಲ. ಹಳೆಯ ಅಯಸ್ಕಾಂತವನ್ನು ತೆಗೆದು ನಿಯೋಡಿಮಿಯಂ ತುಂಡುಗಳನ್ನು ಕೂರಿಸಿದಾಗ ಓಡುವಾಗ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಸ್ಟಾಲ್ ಕರೆಂಟ್ ಮಾತ್ರ ಇದರಿಂದ ಇಳಿಯುವುದಿಲ್ಲ. ಹೊಸ ಮೋಟರಿನ ಬೆಲೆಗೆ ಹೋಲಿಸಿದರೆ ಅಯಸ್ಕಾಂತದ ಬೆಲೆ ಲೆಕ್ಕಕ್ಕೇ ಇಲ್ಲ. ಸತುವಿನ ಎರಕ ಬಿರುಕುಬಿಟ್ಟು ಪುಡಿಯಾಗುತ್ತಿದ್ದ ಒಂದು ಎಂಜಿನ್ನಿಗೆ ಮಾತ್ರ ಯಾವ ಮದ್ದೂ ಇರಲಿಲ್ಲ.

ನಡುವೆ, ಹಳಿಯ ವಿದ್ಯುತ್ತೇ ಬೇಡವೆಂದು ಗೂಡ್ಸ್ ಬೋಗಿಯೊಂದರಲ್ಲಿ ಬ್ಯಾಟರಿ ಮತ್ತು ರೇಡಿಯೊ ರಿಸೀವರ್ ಅಡಗಿಸಿಯೂ ನೋಡಿದೆ. ಸೊಗಸಾಗಿಯೇ ಓಡಿತು, ಆದರೆ ಮುಕ್ಕಾಲು ಗಂಟೆಗೊಮ್ಮೆ ಚಾರ್ಜ್ ಮಾಡುವ ಕಾಟ ತಾಳದೆ ಕೈಬಿಟ್ಟೆ.

ಹಿಂತಿರುಗುವ ಲೂಪಿಗೆ ಆಟೊ ರಿವರ್ಸರ್ (ಲೂಪಿನ ಪೋಲಾರಿಟಿಯನ್ನು ತಾನಾಗಿಯೇ ಅದಲುಬದಲು ಮಾಡುವ ಸಾಧನ) ಕೊಳ್ಳಲೇಬೇಕೆಂಬ ಸಲಹೆಯನ್ನೂ ನಾನು ಪಾಲಿಸಲಿಲ್ಲ. ಡಿಸಿಸಿಯಲ್ಲಿ ರೈಲಿನ ದಿಕ್ಕು ಹಳಿಯ ಪೋಲಾರಿಟಿಯನ್ನು ಅವಲಂಬಿಸುವುದಿಲ್ಲವಾದ್ದರಿಂದ, ರೈಲು ಪೂರ್ತಿಯಾಗಿ ಲೂಪಿನೊಳಗಿರುವಾಗ ಅಪ್ಪ ಹಾಕಿದ್ದ ಪೋಲಾರಿಟಿ ಅದಲುಬದಲು ಮಾಡುವ ಹಳೆಯ ಡಿಪಿಡಿಟಿ ಸ್ವಿಚ್ಚನ್ನೇ ಒತ್ತಿದರೆ ಸಾಕು. ಬೋಗಿಗಳನ್ನು ಜೋಡಿಸುವ ಕಪ್ಲರ್‌ಗಳನ್ನು ಇನ್ನೂ ಬದಲಿಸಿಲ್ಲ; ಒಂದು ತುದಿಗೆ ಹಳೆಯದನ್ನೂ ಇನ್ನೊಂದು ತುದಿಗೆ ಹೊಸ ನಕಲ್ (knuckle, ಗೆಣ್ಣಿನಾಕಾರದ) ಮಾದರಿಯನ್ನೂ ಹಾಕಿದ ಬೋಗಿಯೊಂದನ್ನು ನಡುವೆ ಸೇರಿಸಿ ಸದ್ಯಕ್ಕೆ ನಡೆಸುತ್ತಿದ್ದೇನೆ.