ನಿರ್ಧಾರ ಅವರದಾದಾಗ: ತಂಡದವರ ಜೊತೆ ಮಾತಿಗೆ ಕೂತ ನನ್ನ ಅನುಭವ

ಆಪ್ತಸಮಾಲೋಚನೆ ನನ್ನ ವೃತ್ತಿಯಲ್ಲ. ಕಚೇರಿಯೊಂದರಲ್ಲಿ ತಂಡ ನಡೆಸುತ್ತೇನೆ. ಕೆಲಸ ಹಂಚುವುದು, ಗಡುವು ನೋಡಿಕೊಳ್ಳುವುದು, ವರ್ಷದ ಕೊನೆಗೆ ಅಪ್ರೈಸಲ್ ಬರೆಯುವುದು. ಇದರ ನಡುವೆ 'ಒಂದೈದು ನಿಮಿಷ ಸಿಗುತ್ತಾ?' ಎಂದು ಬಾಗಿಲಲ್ಲಿ ನಿಲ್ಲುವವರಿರುತ್ತಾರೆ. ಆ ಮಾತು ಐದು ನಿಮಿಷಕ್ಕೆ ಮುಗಿಯುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ರಾತ್ರಿ ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ ಒಬ್ಬರು. ಹೊಸ ಜವಾಬ್ದಾರಿ ಒಪ್ಪಿಕೊಳ್ಳಲೋ ಬೇಡವೋ ಅಂತ ಇನ್ನೊಬ್ಬರು. ಪಕ್ಕದ ಮೇಜಿನವರ ಜೊತೆ ಮಾತೇ ನಿಂತುಹೋಗಿದೆ, ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತಿದೆ, ಹೀಗೆ.

ಇಂಥ ಹೊತ್ತಿನಲ್ಲಿ ನಾನು ನೆಚ್ಚಿಕೊಂಡಿರುವುದು ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ವಿಧಾನದ ಕೆಲವು ಕೌಶಲಗಳನ್ನು. ಕಲಿತವರು ಚಿಕ್ಕದಾಗಿ ಎಂಐ ಅನ್ನುತ್ತಾರೆ. ಹೆಸರು ಕೇಳಿ ಕೆಲಸಕ್ಕೆ ಆಯ್ಕೆ ಮಾಡುವ ಇಂಟರ್‌ವ್ಯೂ ಅಂದುಕೊಂಡವರಿದ್ದಾರೆ, ಹುರಿದುಂಬಿಸುವ ಭಾಷಣ ಅಂದುಕೊಂಡವರೂ ಇದ್ದಾರೆ. ಎರಡೂ ಅಲ್ಲ. ಬದಲಾಗಬೇಕೋ ಬೇಡವೋ ಎಂದು ಎರಡು ಮನಸ್ಸಿನಲ್ಲಿರುವವರು ತಮ್ಮ ಕಾರಣಗಳನ್ನು ತಾವೇ ಕಂಡುಕೊಳ್ಳುವ ಹಾಗೆ ಮಾತಾಡುವ ಕ್ರಮ ಇದು. ಭಾಷಣಕ್ಕಂತೂ ಇದು ನೇರ ವಿರುದ್ಧ. ಇಲ್ಲಿ ಹೆಚ್ಚು ಮಾತಾಡಬೇಕಾದವರು ಎದುರಿಗಿರುವವರು.

ಇದು ಹುಟ್ಟಿದ್ದು ಕುಡಿತದ ಚಿಕಿತ್ಸೆಯಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ನಾರ್ವೆಯ ಬರ್ಗೆನ್‌ನಲ್ಲಿದ್ದಾಗ ಅಲ್ಲಿನ ಯುವ ಮನಶ್ಶಾಸ್ತ್ರಜ್ಞರ ಎದುರು ತಾವು ರೋಗಿಯ ಜೊತೆ ಹೇಗೆ ಮಾತಾಡುತ್ತೇವೆಂದು ನಟಿಸಿ ತೋರಿಸುತ್ತಿದ್ದರು. ಅವರು ಮಧ್ಯೆ ಮಧ್ಯೆ ತಡೆದು, ಈ ಮಾತನ್ನೇ ಯಾಕೆ ಹೇಳಿದಿರಿ, ಬೇರೆ ಯಾಕೆ ಕೇಳಲಿಲ್ಲ ಎಂದು ಕೆದಕಿದರು. ಉತ್ತರ ಕೊಡುತ್ತಾ ಹೋದಂತೆ, ತಮಗೇ ಅರಿವಿಲ್ಲದೆ ತಾವು ಪಾಲಿಸುತ್ತಿದ್ದ ನಿಯಮಗಳು ಮಿಲ್ಲರ್ ಅವರಿಗೆ ಸ್ಪಷ್ಟವಾದವು. 1983ರಲ್ಲಿ ಅದು ಲೇಖನವಾಗಿ ಬಂತು, 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಪುಸ್ತಕವಾಯಿತು. ಆ ಕಾಲದ ವ್ಯಸನ ಚಿಕಿತ್ಸೆಯಲ್ಲಿ ರೋಗಿಯನ್ನು ಗದರಿಸಿ, ಸವಾಲು ಹಾಕಿ, ತಪ್ಪು ಒಪ್ಪಿಸುವ ಕ್ರಮ ಜೋರಾಗಿತ್ತು. ಮಿಲ್ಲರ್ ಕಂಡದ್ದು ಬೇರೆ: 'ನೀವು ಬದಲಾಗಬೇಕು' ಅಂತ ನಾವು ಎಷ್ಟು ಒತ್ತುತ್ತೇವೋ, ಬದಲಾಗದಿರಲು ಕಾರಣಗಳನ್ನು ಅವರು ಅಷ್ಟೇ ಜೋರಾಗಿ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ ಅವರೇ ಅದನ್ನು ನಂಬುತ್ತಾರೆ.

ಕಚೇರಿಯಲ್ಲಿ ಇದನ್ನು ನೋಡಲು ದೂರ ಹೋಗಬೇಕಿಲ್ಲ. 'ರಜೆ ತಗೊಳ್ಳಿ' ಎಂದು ನೋಡಿ. 'ತಗೊಂಡ್ರೆ ಇಲ್ಲಿ ಕೆಲಸ ಯಾರು ಮಾಡ್ತಾರೆ?' 'ಬೇರೆಯವರಿಗೆ ಒಪ್ಪಿಸಿ.' 'ಅವರಿಗೆ ಹೇಳಿಕೊಡೋ ಹೊತ್ತಲ್ಲಿ ನಾನೇ ಮುಗಿಸ್ತೀನಿ.' ಹೀಗೇ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ. ಅವರೊಳಗೆ ಎರಡು ಮನಸ್ಸಿತ್ತು. ಒಂದರ ಪರ ನಾನು ವಾದಕ್ಕೆ ನಿಂತೆ, ಇನ್ನೊಂದು ಅವರ ಪಾಲಿಗೆ ಬಂತು. ಎದುರಿನವರ ಕಷ್ಟ ಕಂಡ ಕೂಡಲೇ ಸರಿಮಾಡಿಬಿಡಬೇಕು ಅನ್ನುವ ಈ ಚಪಲಕ್ಕೆ ಎಂಐ ಕಲಿಸುವವರು ಒಂದು ಹೆಸರನ್ನೇ ಇಟ್ಟಿದ್ದಾರೆ: ರೈಟಿಂಗ್ ರಿಫ್ಲೆಕ್ಸ್ (righting, ಬರೆಯುವುದಲ್ಲ, ಸರಿಪಡಿಸುವುದು). ತಂಡ ನಡೆಸುವವರಲ್ಲಿ ಇದು ಜಾಸ್ತಿ. ಸಮಸ್ಯೆ ಬಗೆಹರಿಸುತ್ತೇವೆ ಅಂತಲೇ ನಮಗೆ ಬಡ್ತಿ ಸಿಕ್ಕಿರುವುದು, ಇನ್ನೇನಾಗುತ್ತದೆ.

ಆದರೆ ಸಮಾಲೋಚಕರಿಗೆ ಇಲ್ಲದ ಒಂದು ತೊಡಕು ನಮಗಿದೆ. ಎದುರಿಗೆ ಕೂತವರ ಅಪ್ರೈಸಲ್ ಬರೆಯುವ ಕೈ ನಮ್ಮದು. ಹಾಗಾಗಿ ಮಾತು ಶುರುವಾಗುವ ಮೊದಲೇ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇಲ್ಲಿ ನಿರ್ಧಾರ ಯಾರದು? ಸೋಮವಾರದೊಳಗೆ ವರದಿ ಬರಲೇಬೇಕು ಅನ್ನುವುದು ನಾನು ಈಗಾಗಲೇ ತೀರ್ಮಾನಿಸಿದ ವಿಷಯವಾದರೆ ಅದನ್ನು ನೇರವಾಗಿ, ಮರ್ಯಾದೆಯಿಂದ ಹೇಳುತ್ತೇನೆ. ತೀರ್ಮಾನ ಜೇಬಿನಲ್ಲಿಟ್ಟುಕೊಂಡು 'ನಿಮಗೆ ಏನನ್ನಿಸುತ್ತೆ?' ಎಂದು ಮೃದುವಾಗಿ ಕೇಳುತ್ತಾ ಅವರ ಬಾಯಿಂದಲೇ ಸೋಮವಾರ ಹೊರಡಿಸುವುದು ನಾಟಕ. ಜನ ಅದನ್ನು ಬೇಗ ಗುರುತಿಸುತ್ತಾರೆ, ಆಮೇಲೆ ನಮ್ಮ ನಿಜವಾದ ಪ್ರಶ್ನೆಗಳಿಗೂ ಉತ್ತರ ಸಿಗುವುದಿಲ್ಲ. ಶಿಸ್ತುಕ್ರಮ, ಕಿರುಕುಳದ ದೂರು, ಸುರಕ್ಷತೆಯ ವಿಷಯ, ಇವುಗಳಿಗೂ ಎಂಐ ತರುವುದಿಲ್ಲ. ಅವಕ್ಕೆ ಅವುಗಳದೇ ದಾರಿ ಇದೆ. ನಿರ್ಧಾರ ನಿಜಕ್ಕೂ ಅವರದಾಗಿದ್ದರೆ, ಯಾವ ಕಡೆ ಹೋದರೂ ನಾನು ಒಪ್ಪಲು ಸಿದ್ಧವಿದ್ದರೆ ಮಾತ್ರ ಈ ವಿಧಾನ.

ಕೂತ ಮೇಲೆ ಮೊದಲು ಎರಡು ವಿಷಯ ತಿಳಿಸುತ್ತೇನೆ. ಎಷ್ಟು ಹೊತ್ತು ಇದೆ ಅನ್ನುವುದು ಒಂದು. ನನ್ನಲ್ಲೇ ಉಳಿಯುವ ಮಾತು ಯಾವುದು, ಯಾವುದನ್ನು ನಾನು ಮೇಲೆ ತಿಳಿಸಲೇಬೇಕಾಗುತ್ತದೆ ಅನ್ನುವುದು ಇನ್ನೊಂದು. 'ಎಲ್ಲಾ ಗುಟ್ಟಾಗಿರುತ್ತೆ, ಹೇಳಿ' ಎಂದು ಮ್ಯಾನೇಜರ್ ಆದವರು ಮಾತು ಕೊಡಬಾರದು.

ಇನ್ನು ಮುಖ್ಯ ಕೆಲಸಕ್ಕೆ ಬರೋಣ. ಎಂಐಯಲ್ಲಿ ನಾಲ್ಕು ಮೂಲ ಕೌಶಲಗಳನ್ನು ಹೇಳಿಕೊಡುತ್ತಾರೆ: ಮುಕ್ತ ಪ್ರಶ್ನೆ, ಒಳ್ಳೆಯದನ್ನು ಗುರುತಿಸಿ ಹೇಳುವುದು, ರಿಫ್ಲೆಕ್ಷನ್, ಸಾರಾಂಶ. ನನ್ನ ಮಟ್ಟಿಗೆ ಮುಕ್ಕಾಲು ಪಾಲು ಕೆಲಸ ರಿಫ್ಲೆಕ್ಷನ್‌ನದು. ಅವರು ಹೇಳಿದ್ದರಲ್ಲಿ ನನಗೆ ಕೇಳಿಸಿದ ಅರ್ಥವನ್ನು ಪ್ರಶ್ನೆಯಾಗಿ ಅಲ್ಲ, ಹೇಳಿಕೆಯಾಗಿ ಮರಳಿ ಮುಂದಿಡುವುದು. 'ನಿಮಗೆ ಬೇಜಾರಾಗಿದೆಯಾ?' ಅಂದರೆ ಎದುರಿನವರು ಹೌದು, ಇಲ್ಲ ಎಂದು ಉತ್ತರಿಸಿ ಸುಮ್ಮನಾಗಬಹುದು. 'ನಿಮಗೆ ಬೇಜಾರಾಗಿದೆ' ಎಂದು ದನಿ ಇಳಿಸಿ ನಿಲ್ಲಿಸಿದರೆ ಮಾತು ಮುಂದುವರಿಯುತ್ತದೆ. ಮೊದಮೊದಲು ಹೀಗೆ ಮಾತಾಡುವುದು ವಿಚಿತ್ರ ಅನ್ನಿಸುತ್ತದೆ, ಅವರ ಮನಸ್ಸಿನಲ್ಲಿರುವುದನ್ನು ನಾವು ಹೇಳುವುದು ಅಧಿಕಪ್ರಸಂಗವಲ್ಲವೇ ಅಂತ. ನಮ್ಮ ಊಹೆ ತಪ್ಪಿದ್ದರೂ ನಷ್ಟವಿಲ್ಲ. 'ಬೇಜಾರಲ್ಲ, ಸಿಟ್ಟು' ಎಂದು ಅವರೇ ತಿದ್ದುತ್ತಾರೆ, ಆ ತಿದ್ದುಪಡಿಯಲ್ಲೇ ಹೊಸ ವಿಷಯ ಬಂದಿರುತ್ತದೆ.

ನನ್ನ ತಂಡದ ಹಿರಿಯರೊಬ್ಬರ ಜೊತೆ ನಡೆದ ಮಾತನ್ನು, ಗುರುತು ಸಿಗದ ಹಾಗೆ ವಿವರ ಬದಲಿಸಿ, ಇಲ್ಲಿ ಕೊಡುತ್ತೇನೆ.

'ಜೂನಿಯರ್‌ಗಳು ಕಳಿಸೋ ರಿಪೋರ್ಟ್ ಎಲ್ಲಾ ನಾನೇ ಮತ್ತೆ ಕೂತು ಸರಿ ಮಾಡ್ಬೇಕು. ದಿನಾ ಲೇಟು. ಮನೆಗೆ ಹೋಗೋ ಹೊತ್ತಿಗೆ ಎಲ್ಲರೂ ಮಲಗಿರ್ತಾರೆ.'

'ಅವರ ಕೆಲಸವೂ ನಿಮ್ಮ ತಲೆ ಮೇಲೇ ಬಂದು ಕೂತಿದೆ.'

'ಹೂಂ. ಬಿಟ್ಟುಬಿಡೋಣ ಅಂದ್ರೆ ತಪ್ಪು ಹಾಗೇ ಕ್ಲೈಂಟ್‌ಗೆ ಹೋಗತ್ತೆ.'

'ನಿಮ್ಮ ಕೈ ದಾಟಿ ಒಂದೇ ಒಂದು ತಪ್ಪೂ ಹೋಗಬಾರದು.'

'ಒಂದೂ ಅಂತಲ್ಲ. ಸಣ್ಣಪುಟ್ಟದ್ದು ಹೋದ್ರೆ ಏನಾಗತ್ತೆ? ಅಂಕಿ ತಪ್ಪಾಗಬಾರದು, ಅಷ್ಟೇ.'

'ಅಂಕಿಗಳ ಮೇಲೊಂದು ಕಣ್ಣಿದ್ದರೆ, ಮಿಕ್ಕಿದ್ದು ಅವರಿಗೇ ಬಿಡಬಹುದು.'

'ಬಿಡಬಹುದೇನೋ... ಎಲ್ಲಾ ನಾನೇ ಮಾಡ್ತಾ ಹೋದ್ರೆ ಅವರು ಕಲಿಯೋದು ಯಾವಾಗ, ಅಲ್ವಾ?'

ಎರಡನೆಯ ಬಾರಿ ನಾನು ಹೇಳಿದ್ದು ಅವರ ಮಾತನ್ನು ತುಸು ಹಿಗ್ಗಿಸಿದ ರಿಫ್ಲೆಕ್ಷನ್. ಹಿಗ್ಗಿಸಿದಾಗ ಜನ ತಾವಾಗಿಯೇ ಒಂದು ಹೆಜ್ಜೆ ಹಿಂದೆ ಸರಿದು ತಮ್ಮ ನಿಜವಾದ ಅಳತೆ ಹೇಳುತ್ತಾರೆ. ಆದರೆ ದನಿಯಲ್ಲಿ ಕೊಂಚವೇ ವ್ಯಂಗ್ಯ ಇಣುಕಿದರೂ ಅದು ಕೊಂಕಾಗಿ ಕೇಳುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ನನಗೆ ಅವರ ಮೇಲೆ ಸಿಟ್ಟಿರುವ ದಿನ ಇದನ್ನು ಬಳಸುವುದೇ ಇಲ್ಲ.

'ಅವರು ಕಲಿಯೋದು ಯಾವಾಗ' ಅನ್ನುವ ಕೊನೆಯ ಮಾತಿದೆಯಲ್ಲ, ಎಂಐ ಕಲಿತವರ ಕಿವಿ ನಿಮಿರುವುದು ಅಲ್ಲಿ. ಬದಲಾವಣೆಯ ಕಡೆಗೆ ವಾಲುವ ಇಂಥ ಮಾತನ್ನು ಚೇಂಜ್ ಟಾಕ್ ಅನ್ನುತ್ತಾರೆ. ಬೇಕು ಅನ್ನಿಸುತ್ತದೆ, ಮಾಡಬಲ್ಲೆ, ಇಂಥ ಕಾರಣಕ್ಕೆ ಮಾಡಬೇಕು, ಮಾಡದಿದ್ದರೆ ಆಗುವುದಿಲ್ಲ, ಹೀಗೆ ಆಸೆ, ಶಕ್ತಿ, ಕಾರಣ, ಅಗತ್ಯ ಯಾವ ರೂಪದಲ್ಲಾದರೂ ಬರಬಹುದು. ಅದು ಬಹಳ ಸಲ ಗೊಣಗಾಟದ ಮಧ್ಯೆ ಅರ್ಧ ವಾಕ್ಯವಾಗಿ ಬಂದು ಹೋಗುತ್ತದೆ. ನಮ್ಮ ಮುಂದಿನ ಪ್ರಶ್ನೆ ಯೋಚಿಸುತ್ತಾ ಕೂತಿದ್ದರೆ ಕೇಳಿಸುವುದೇ ಇಲ್ಲ. ಕೇಳಿಸಿದರೆ ಅದನ್ನೇ ಹಿಡಿದು, 'ಅವರು ಕಲಿತರೆ ನಿಮಗೆ ಏನು ಬದಲಾಗುತ್ತೆ?' ಎಂದು ಕೇಳಿ, ಬಾಯಿ ಮುಚ್ಚಿ ಕೂರಬೇಕು. ಹಾಗೇ ಮಾಡಿದೆ. ಆ ಹಿರಿಯರು ಯೋಚಿಸಿದರು, ಆಮೇಲೆ ಬಹಳ ಹೊತ್ತು ಮಾತಾಡಿದರು.

ಎರಡೂ ಕಡೆಯ ಮಾತು ಬಂದಾಗ ಎರಡನ್ನೂ ಒಟ್ಟಿಗೆ ಹೇಳುತ್ತೇನೆ, ಆದರೆ ಕ್ರಮ ನೋಡಿಕೊಂಡು: 'ತಪ್ಪು ಹೋದೀತು ಅನ್ನುವ ಭಯ ಇದೆ. ಜೊತೆಗೆ, ಅವರನ್ನು ತಯಾರು ಮಾಡಬೇಕು ಅಂತಲೂ ಇದೆ.' ಬದಲಾವಣೆಯ ಭಾಗವನ್ನು ಕೊನೆಗಿಡುವುದು ಯಾಕೆಂದರೆ, ಜನ ಸಾಮಾನ್ಯವಾಗಿ ಕೊನೆಗೆ ಕೇಳಿದ್ದನ್ನೇ ಎತ್ತಿಕೊಂಡು ಮಾತು ಮುಂದುವರಿಸುತ್ತಾರೆ. ನಡುವೆ 'ಆದರೆ' ಸೇರಿಸಿದರೆ ಮೊದಲಿನ ಭಯವನ್ನು ನಾನು ತಳ್ಳಿಹಾಕಿದ ಹಾಗಾಗುತ್ತದೆ.

ಅಂಕಿಯ ಪ್ರಶ್ನೆಯೂ ಒಮ್ಮೊಮ್ಮೆ ಒದಗುತ್ತದೆ. 'ಇದನ್ನು ಬದಲಿಸುವುದು ನಿಮಗೆ ಎಷ್ಟು ಮುಖ್ಯ, 0ಯಿಂದ 10ರೊಳಗೆ ಹೇಳಿ ಅಂದರೆ?' '4 ಇರಬಹುದು.' ಇಲ್ಲಿ '8 ಯಾಕಲ್ಲ?' ಎಂದು ಕೇಳಿದರೆ ಬದಲಾಗದಿರುವ ಕಾರಣಗಳ ಪಟ್ಟಿ ಸಿಗುತ್ತದೆ. 'ಯಾಕೆ 4 ಅಂದ್ರಿ, 1 ಅನ್ನಲಿಲ್ಲ?' ಎಂದು ಕೇಳಿದರೆ ಬದಲಾಗಬೇಕಾದ ಕಾರಣಗಳು ಅವರ ಬಾಯಿಂದಲೇ ಬರುತ್ತವೆ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಆತ್ಮವಿಶ್ವಾಸದ್ದು. ಮುಖ್ಯ ಅನ್ನುವುದಕ್ಕೆ 9 ಕೊಟ್ಟು, ಮಾಡಬಲ್ಲೆ ಅನ್ನುವುದಕ್ಕೆ 2 ಕೊಡುವವರಿಗೆ ಬೇಕಾದದ್ದು ಇನ್ನಷ್ಟು ಕಾರಣಗಳಲ್ಲ, ಎಲ್ಲಿಂದ ಶುರು ಮಾಡುವುದು ಅನ್ನುವ ಸುಳಿವು.

ಮೆಚ್ಚುಗೆಯ ವಿಷಯ ಚಿಕ್ಕದು. 'ಸೂಪರ್, ನೀವು ಮಾಡ್ತೀರಿ ಬಿಡಿ' ಅನ್ನುವುದು ಎಂಐಯ ಲೆಕ್ಕಕ್ಕೆ ಬರುವುದಿಲ್ಲ. 'ಸುಸ್ತಾಗಿದ್ದರೂ ಯಾವ ಜೂನಿಯರ್‌ಗೂ ಎಲ್ಲರೆದುರು ಬೈದಿಲ್ಲ ನೀವು' ಅನ್ನುವುದು ಬರುತ್ತದೆ. ಕಣ್ಣಿಗೆ ಕಂಡದ್ದನ್ನು ಹೇಳಬೇಕು, ಅಂಕ ಕೊಡಬಾರದು. ಥಾಮಸ್ ಗಾರ್ಡನ್ ಎಂಬ ಮನಶ್ಶಾಸ್ತ್ರಜ್ಞರು ಕೇಳಿಸಿಕೊಳ್ಳುವುದಕ್ಕೆ ಅಡ್ಡಿಯಾಗುವ 12 ಬಗೆಯ ಪ್ರತಿಕ್ರಿಯೆಗಳನ್ನು ಗುರುತಿಸಿದ್ದಾರೆ. ಆದೇಶ, ಎಚ್ಚರಿಕೆ, ಉಪದೇಶ ಅದರಲ್ಲಿರುವುದು ಸಹಜ. ಹೊಗಳಿಕೆ, ಸಮಾಧಾನ, ಪ್ರಶ್ನೆಯ ಮೇಲೆ ಪ್ರಶ್ನೆ ಕೂಡ ಆ ಪಟ್ಟಿಯಲ್ಲಿವೆ. 'ಏನೂ ಆಗಲ್ಲ ಬಿಡಿ, ಎಲ್ಲಾ ಸರಿಹೋಗತ್ತೆ' ಎಂಬ ನಮ್ಮ ನಿತ್ಯದ ಸಮಾಧಾನ ಎಷ್ಟು ಮಾತುಗಳನ್ನು ಅಲ್ಲೇ ಮುಚ್ಚಿಬಿಡುತ್ತದೆ ಎಂದು ಆ ಪಟ್ಟಿ ನೋಡಿದ ಮೇಲೆ ಗಮನಿಸತೊಡಗಿದೆ.

ಹಾಗಾದರೆ ಸಲಹೆಯನ್ನೇ ಕೊಡಬಾರದೇ? ಕೊಡಬಹುದು. ಎಂಐ ಎಂದರೆ ಗೊತ್ತಿರುವುದನ್ನೂ ಹೇಳದೆ ತಲೆಯಾಡಿಸುತ್ತಾ ಕೂರುವುದು ಎಂದುಕೊಂಡವರು ಎದುರಿನವರಿಗೆ ಹಿಂಸೆ ಕೊಡುತ್ತಾರೆ. ಕ್ರಮ ಇಷ್ಟು: ಮೊದಲು ಕೇಳು, ಆಮೇಲೆ ಹೇಳು, ಮತ್ತೆ ಕೇಳು. 'ನೀವು ಈವರೆಗೆ ಏನೇನು ಮಾಡಿ ನೋಡಿದ್ದೀರಿ?' ಎಂದು ಆ ಹಿರಿಯರನ್ನು ಕೇಳಿದೆ. ಚೆಕ್‌ಲಿಸ್ಟ್ ಕೊಟ್ಟಿದ್ದರು, ಯಾರೂ ನೋಡುತ್ತಿರಲಿಲ್ಲ. 'ಬೇರೆ ತಂಡದವರು ಮಾಡಿದ್ದು ಒಂದೆರಡು ನನಗೆ ಗೊತ್ತು, ಹೇಳಲಾ?' ಹೇಳಿ ಅಂದರು. ರಿಪೋರ್ಟ್ ಸರಿಪಡಿಸದೆ ಬರೀ ಗುರುತು ಹಾಕಿ ವಾಪಸ್ ಕಳಿಸುವುದು, ಜೂನಿಯರ್‌ಗಳು ಒಬ್ಬರದನ್ನೊಬ್ಬರು ಮೊದಲು ನೋಡುವುದು, ಎರಡನ್ನೂ ಹೇಳಿದೆ. ಒಂದೇ ಹೇಳಿದರೆ ಅದರಲ್ಲಿ ಹುಳುಕು ಹುಡುಕುವುದೇ ಕೆಲಸವಾಗುತ್ತದೆ. ಎರಡು ಮೂರು ಇದ್ದರೆ ಆರಿಸಿಕೊಳ್ಳಲು ಜಾಗವಿರುತ್ತದೆ. 'ನಿಮ್ಮ ತಂಡಕ್ಕೆ ಇದರಲ್ಲಿ ಯಾವುದಾದರೂ ಹೊಂದುತ್ತಾ?' ಅಂದಾಗ, ಗುರುತು ಹಾಕಿ ಕಳಿಸುವುದು ಆಗಬಹುದು ಅಂದರು. ಎಲ್ಲರದ್ದೂ ಅಲ್ಲ, ಇಬ್ಬರದು ಮಾತ್ರ. ಇಬ್ಬರದು ಮಾತ್ರ ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಎಲ್ಲ ಮಾತುಕತೆಯೂ ಹೀಗೆ ಯೋಜನೆಯವರೆಗೆ ಬರುವುದಿಲ್ಲ. ಸಂಬಂಧ ಬೆಸೆಯುವುದು, ವಿಷಯ ಗೊತ್ತುಮಾಡಿಕೊಳ್ಳುವುದು, ಅವರ ಕಾರಣಗಳನ್ನು ಹೊರತರುವುದು, ಯೋಜನೆ ಎಂದು ನಾಲ್ಕು ಹಂತ ಹೇಳುತ್ತಾರೆ. ಎಷ್ಟೋ ಸಲ ಮೊದಲನೆಯದರಲ್ಲೇ ಸಮಯ ಮುಗಿಯುತ್ತದೆ. ಅವರು ಯೋಜನೆಗೆ ಸಿದ್ಧವಿಲ್ಲದಾಗ 'ಹಾಗಾದ್ರೆ ಯಾವಾಗಿಂದ ಶುರು?' ಎಂದು ಕೇಳಿದರೆ ನಾನೇ ಅವರನ್ನು ಮತ್ತೆ ಹಳೆಯ ವಾದಕ್ಕೆ ದೂಡಿದಂತೆ. ಖಿನ್ನತೆಯ ಲಕ್ಷಣ, ಜೀವಕ್ಕೆ ಅಪಾಯ ತಂದುಕೊಳ್ಳುವ ಮಾತು ಕಂಡರಂತೂ ಇದು ನನ್ನ ಕೈಯಲ್ಲಿ ಉಳಿಸಿಕೊಳ್ಳುವ ವಿಷಯವೇ ಅಲ್ಲ. ನೇರವಾಗಿ ಕೇಳಿ, ತಜ್ಞರ ಬಳಿ ತಲುಪುವವರೆಗೆ ಜೊತೆಗಿರುತ್ತೇನೆ.

ಅಭ್ಯಾಸಕ್ಕೆ ಒಂದು ಅಳತೆ ಇದೆ. ಎಂಐ ಮಾತುಕತೆಗಳ ಗುಣಮಟ್ಟ ಅಳೆಯುವವರು ಪ್ರಶ್ನೆ ಎಷ್ಟು, ರಿಫ್ಲೆಕ್ಷನ್ ಎಷ್ಟು ಎಂದು ಎಣಿಸುತ್ತಾರೆ. ಒಂದು ಪ್ರಶ್ನೆಗೆ ಎರಡು ರಿಫ್ಲೆಕ್ಷನ್ ಬಂದರೆ ಚೆನ್ನಾಗಿದೆ ಅಂತ ಲೆಕ್ಕ. ಮಾಮೂಲಿ ಮೀಟಿಂಗ್‌ಗಳಲ್ಲಿ, ಯಾರ ಕಷ್ಟವೂ ಇಲ್ಲದ ಮಾತಿನಲ್ಲಿ, ನಾನು ಇದನ್ನು ಅಭ್ಯಾಸ ಮಾಡುತ್ತೇನೆ. ಪ್ರಶ್ನೆ ಬಾಯಿಗೆ ಬಂದಾಗ ಅದನ್ನೇ ಹೇಳಿಕೆಯಾಗಿ ತಿರುಗಿಸಿ ನೋಡುವುದು. ಬೇರೆಯವರಿಗೆ ಗೊತ್ತಾಗುವುದೂ ಇಲ್ಲ.

ಆ ಹಿರಿಯರ ಮಾತಿನಲ್ಲಿ ಇನ್ನೂ ಒಂದಿತ್ತು. ಇಬ್ಬರು ಮಾಡುವಷ್ಟು ರಿಪೋರ್ಟ್ ಅವರೊಬ್ಬರ ಮೇಜಿಗೆ ಬರುತ್ತಿತ್ತು. ಅದು ಅವರ ಮನಸ್ಸು ಬದಲಾದರೆ ಕಡಿಮೆಯಾಗುವ ಹೊರೆಯಲ್ಲ, ಕೆಲಸ ಹಂಚುವವರು ಬದಲಿಸಬೇಕಾದದ್ದು. ಅಲ್ಲಿ ರಿಫ್ಲೆಕ್ಷನ್ ಬೇಕಿರಲಿಲ್ಲ. 'ಇದು ನನ್ನ ಕೆಲಸ, ನಾನು ನೋಡ್ತೀನಿ' ಎಂದೆ, ಮುಂದಿನ ವಾರದ ಹಂಚಿಕೆ ಪಟ್ಟಿ ತೆಗೆದು ಅವರೆದುರಿಗೇ ಮೂರನೆಯ ಒಂದು ಭಾಗವನ್ನು ಬೇರೆಯವರಿಗೆ ಬರೆದೆ.